ಹನ್ನೆರಡು ಮಂಕು ಲೆನ್ಸು, ಒಂದು ಮೀಸೆ

ವೇರಿಫೋಕಲ್ ಲೆನ್ಸಿನಲ್ಲಿ ದೂರದ್ದನ್ನು ಹತ್ತಿರಕ್ಕೆ ಎಳೆದರೆ ಫೋಕಸ್ ತಪ್ಪುತ್ತದೆ. ಮತ್ತೆ ತಿರುಗಿಸಿ ಕೂರಿಸಬೇಕು. ಅಸಲಿ ಜೂಮ್ ಲೆನ್ಸಿನಲ್ಲಿ ತಪ್ಪುವುದಿಲ್ಲ. ಕ್ಯಾಮೆರಾ ಮುಟ್ಟಿದವರಿಗೆಲ್ಲ ಗೊತ್ತಿರಬೇಕಾದ ಮಾತು. ಒಂದು ಸರ್ಕಾರಿ ಕಚೇರಿಯಲ್ಲಿ ಇದು ಗೊತ್ತಿಲ್ಲದ ಮೂವರನ್ನು ಹುಡುಕಿ ತಂದು, ಅದಕ್ಕೆ ಲೆನ್ಸು ಪರಿಶೀಲನಾ ಸಮಿತಿ ಎಂದು ಹೆಸರಿಟ್ಟಿದ್ದರು.

ಆ ಕಚೇರಿಯ ಫೋಟೋ ವಿಭಾಗದಲ್ಲಿ ಇಪ್ಪತ್ತಾರು ವರ್ಷದಿಂದ ಹಳೇ ಲೆನ್ಸುಗಳನ್ನು ಬಿಚ್ಚಿ, ಒರೆಸಿ, ಜೋಡಿಸುತ್ತಿದ್ದವಳು ಲೆನ್ಸಕ್ಕ. ಹೆತ್ತವರಿಟ್ಟ ಹೆಸರು ಸಂಬಳದ ಚೀಟಿಯಲ್ಲಷ್ಟೇ ಉಳಿದಿತ್ತು. ಕಿಟಕಿ ಪಕ್ಕ ಅವಳ ಮೇಜು. ಅದರ ಮೇಲೆ ಸೂಜಿಯಂಥ ಸ್ಕ್ರೂಡ್ರೈವರುಗಳು, ಗಾಳಿ ಊದುವ ರಬ್ಬರ್ ಬುರುಡೆ, ಒಗೆದೊಗೆದು ಮೆತ್ತಗಾದ ಗಂಡನ ಬನಿಯನ್ ತುಂಡು.

"ನನ್ನ ಬೆನ್ನನ್ನ ಒಂದಿನವಾದ್ರೂ ಹೀಗೆ ಒರೆಸಿದ್ದೀಯೇನೇ?" ಎಂದು ಗಂಡ ಕೇಳಿದರೆ, "ನಿಮ್ಮ ಬೆನ್ನು ಒರೆಸಿದ್ರೆ ಆಚೆ ಏನ್ರೀ ಕಾಣುತ್ತೆ?" ಎನ್ನುತ್ತಿದ್ದಳು.

ಸಮಿತಿಯ ವರದಿ ಬಂತು. ಹನ್ನೆರಡು ವೇರಿಫೋಕಲ್‌ಗಳೂ ಮಂಕು, ಗುಜರಿಗೆ ಹಾಕತಕ್ಕದ್ದು. ರಿಪೇರಿ ಮೇಜನ್ನೂ ತೆಗೆಯತಕ್ಕದ್ದು. ಮೇಜು ಹೋದರೆ ಲೆನ್ಸಕ್ಕ ನೆಲಮಾಳಿಗೆಗೆ, ಕಡತದ ಧೂಳು ಕೊಡವಲು. ಅವಳು ವಿಭಾಗದ ಅಧಿಕಾರಿಯ ಕೋಣೆಗೆ ನೇರ ನುಗ್ಗಿದಳು. ಸಮಿತಿಯ ಮುಖ್ಯಸ್ಥನೂ ಅವನೇ.

"ಹೇಗೆ ಪರೀಕ್ಷೆ ಮಾಡಿದ್ರಿ ಸಾರ್?"

"ಗೋಡೆ ಮೇಲಿನ ಕ್ಯಾಲೆಂಡರ್ ಫೋಟೋ ತೆಗೆದ್ವಿ, ಹತ್ತಿರಕ್ಕೆ ಎಳೆದು. ನನ್ನ ಹಳೇ ಜೂಮಲ್ಲಿ ತಾರೀಖು ಕಾಣಿಸ್ತು. ನಿನ್ನ ಡಬ್ಬಾಗಳಲ್ಲಿ ತಿಂಗಳೂ ಕಾಣಿಸ್ಲಿಲ್ಲ."

"ಎಳೆದ ಮೇಲೆ ಫೋಕಸ್ ತಿರುಗಿಸಿದ್ರಾ?"

"ಜೂಮಿಗೆ ತಿರುಗಿಸಿಲ್ಲ, ಇದಕ್ಕೆ ಯಾಕೆ? ಎಲ್ಲರಿಗೂ ಒಂದೇ ನ್ಯಾಯ!"

ಅಲ್ಲೇ ನಿಂತಿದ್ದ ಸಮಿತಿಯ ಉಳಿದಿಬ್ಬರು, ಉಗ್ರಾಣದ ಗುಮಾಸ್ತ ಮತ್ತು ಟೈಪಿಸ್ಟ್, ಕೋಲೆಬಸವನ ಹಾಗೆ ತಲೆಯಾಡಿಸಿದರು. ಪರೀಕ್ಷೆ ನಡೆದ ಕೋಣೆಗೆ ಅವರು ಕಾಲೇ ಇಟ್ಟಿರಲಿಲ್ಲ. ಸಹಿ ಮಾತ್ರ ಹಾಕಿದ್ದರು. ಕುಣಿಯಲಾರದವಳಿಗೆ ನೆಲ ಡೊಂಕು. ಇಲ್ಲಿ ನೆಲ ನೋಡದವರೂ ಡೊಂಕೆಂದು ಬರೆದುಕೊಟ್ಟಿದ್ದರು.

"ಹಾಗಾದ್ರೆ ಕೂತ್ಕೊಳ್ಳಿ ಸಾರ್, ಎರಡರಲ್ಲೂ ನಿಮ್ಮದೇ ಫೋಟೋ ತೆಗೀತೀನಿ."

ಅಧಿಕಾರಿ ಮೀಸೆ ತೀಡಿಕೊಂಡು ಕೂತ. ಮೊದಲು ಅವನ ಜೂಮು. ಕಂಪ್ಯೂಟರ್ ಪರದೆ ಮೇಲೆ ಮೀಸೆ ಕರ್ರಗೆ, ನುಣ್ಣಗೆ, ಬೂಟು ಪಾಲಿಶಿನ ಬ್ರಷ್ಷಿನಂತೆ ಮೂಡಿತು. "ನೋಡು, ಇದು ಲೆನ್ಸು ಅಂದ್ರೆ!"

ಆಮೇಲೆ ವೇರಿಫೋಕಲ್. ಎಳೆದಳು, ಫೋಕಸ್ ಉಂಗುರವನ್ನು ಕೂದಲೆಳೆಯಷ್ಟು ತಿರುಗಿಸಿದಳು, ಒತ್ತಿದಳು. ಪರದೆ ಮೇಲೆ ಒಂದೊಂದು ಕೂದಲೂ ಬೇರೆ ಬೇರೆ ನಿಂತಿತ್ತು. ಬುಡವೆಲ್ಲ ಬೆಳ್ಳಗೆ. ಬಲಗಡೆ ತುಟಿಯ ಮೇಲೆ ಬಣ್ಣ ಸೋರಿದ ಗುರುತು. ಗುಮಾಸ್ತನಿಗೆ ಇದ್ದಕ್ಕಿದ್ದಂತೆ ಕೆಮ್ಮು ಬಂತು.

"ಇದು... ಲೆನ್ಸಿನ ದೋಷ."

"ದೋಷ ಆಗಿದ್ರೆ ಎರಡೂ ಕಡೆ ಇರ್ಬೇಕಿತ್ತಲ್ಲ ಸಾರ್? ಎಡಗಡೆ ನೀಟಾಗಿ ಹಚ್ಚಿದ್ದೀರಿ."

"ಸಾಕು! ವರದಿ ಹೋಗ್ಲಿ. ನೀನೂ ಸಹಿ ಹಾಕು."

ಹಾಕಿದಳು. ಅದರ ಮೇಲೆ ದುಂಡಗೆ ಬರೆದಳು: "ಒಪ್ಪಿಗೆ ಇಲ್ಲ. ವೇರಿಫೋಕಲ್ಲಿನಲ್ಲಿ ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ. ಸಾಕ್ಷಿಗೆ ಎರಡು ಫೋಟೋ ಲಗತ್ತಿಸಿದೆ. ಮೀಸೆಯ ಬಲಭಾಗ ನೋಡುವುದು."

ಆ ಕಡತ ಇನ್ನು ನಾಲ್ಕು ಮಹಡಿ ಹತ್ತಬೇಕು. ದಾರಿಯಲ್ಲಿ ಒಂಬತ್ತು ಮೇಜು. ಹರಿಯೋಣವೆಂದರೆ ರಿಜಿಸ್ಟರಿನಲ್ಲಿ ನಂಬರ್ ಬಿದ್ದಾಗಿದೆ. ಅಧಿಕಾರಿ ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯಾದ. ಊಟದ ಹೊತ್ತಿಗೆ ತಾನೇ ಅವಳ ಮೇಜಿನ ಬಳಿಗೆ ಇಳಿದು ಬಂದ. ಅಲ್ಲಿಯವರೆಗೆ "ಏಯ್" ಎನ್ನುತ್ತಿದ್ದ ಬಾಯಿ, "ಅಕ್ಕಾ, ಇನ್ನೊಂದ್ಸಲ ಪರೀಕ್ಷೆ ಮಾಡೋಣ್ವಾ? ಕ್ಯಾಲೆಂಡರಲ್ಲೇ?" ಎಂದಿತು.

ಪ್ರತಿ ಸಲವೂ ಫೋಕಸ್ ಕೂರಿಸಿ ತೆಗೆದಾಗ ಹನ್ನೊಂದು ಲೆನ್ಸು ಜೂಮನ್ನು ಸೋಲಿಸಿದವು. ಹನ್ನೆರಡನೆಯದರ ಗಾಜಿಗೆ ಬೂಷ್ಟು ಹಿಡಿದಿತ್ತು. ಅದು ಮಂಕೆಂದು ಲೆನ್ಸಕ್ಕನೇ ಬರೆಸಿದಳು. ಅದೇ ನಂಬರಿನಡಿ ಹೊಸ ವರದಿ ಕೂತಿತು, ಮೇಜು ಉಳಿಯಿತು.

ಹೊಸ ವರದಿಗೂ ಗುಮಾಸ್ತ ಮತ್ತು ಟೈಪಿಸ್ಟ್ ಓದದೆ ಸಹಿ ಹಾಕಿದರು. ನಗಬೇಡಿ. ನೀವೂ ಹೀಗೆ ಕಣ್ಣುಮುಚ್ಚಿ ಹಾಕಿದ ಸಹಿ ಎಲ್ಲೋ ಒಂದು ಕಡತದಲ್ಲಿದೆ, ಅದರಡಿ ಯಾರದೋ ಅನ್ನವಿದೆ. ಇವತ್ತೇ ಹೋಗಿ, ಆ ಕಡತ ತೆಗೆಸಿ, ಓದಿ. ತಪ್ಪಿದ್ದರೆ ನಿಮ್ಮ ಸಹಿ ಹೊಡೆದುಹಾಕಿ ಬನ್ನಿ.