ಮೋಡವಿಲ್ಲದ ದಿನ ಹಳ್ಳಕ್ಕಿಳಿದ ಸರ್

ಸರ್ ಅವರ ಬಲಗಿವಿ ಸದಾ ಬೆಳ್ಳಗಿರುತ್ತಿತ್ತು. ಪಾಠದ ನಡುವೆ ಏನಾದರೂ ಹೊಳೆದರೆ ಸೀಮೆಸುಣ್ಣ ಹಿಡಿದ ಕೈಯಿಂದಲೇ ಕಿವಿ ತಿಕ್ಕಿಕೊಳ್ಳುತ್ತಿದ್ದರು. ಸಂಜೆ ಸಿಂಧನೂರು ಬಸ್ ನಿಲ್ದಾಣದ ಬಳಿ ಒಗ್ಗರಣಿ-ಮಿರ್ಚಿ ತಿನ್ನಲು ನಿಂತಾಗಲೂ ಆ ಕಿವಿ ಹಾಗೇ. “ಕಿವಿ ಯಾವಾಗ ತೊಳೀತೀರಿ ಸರ?” ಎಂದು ಮಿರ್ಚಿಯವನು ಕೇಳಿದರೆ, “ರಿಟೈರ್ ಆದ ದಿನ,” ಅನ್ನುತ್ತಿದ್ದರು.

ನಾನು ಅವರ ವಿದ್ಯಾರ್ಥಿಯೇ ಅಲ್ಲ. ಅದೇ ಕಾಲೇಜಿನಲ್ಲಿ ಬಿಎಸ್ಸಿ ಓದುತ್ತಿದ್ದೆ. ಅವರು ವಾಣಿಜ್ಯ ವಿಭಾಗದವರು. ಲ್ಯಾಬ್ ತಪ್ಪಿಸಿ ಅವರ ವ್ಯವಹಾರ ಕಾನೂನಿನ ಪಾಠಕ್ಕೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದೆ. ಒಂದು ದಿನ ಸಿಕ್ಕಿಬಿದ್ದೆ.

“ಏನಪಾ, ವಿಜ್ಞಾನಿ, ಇಲ್ಲಿ ಏನ್ ಮಾಡಾಕತ್ತಿ?”

“ಮುಂದ ಲಾ ಮಾಡಬೇಕಂತ ಐತ್ರಿ ಸರ.”

“ಹಂಗಾರ ಬಿಬಿಎ ಸೇರಲೇ ವಕೀಲ್ ಸಾಬ. ಈ ಕಡಿ ಕೋರ್ಟಿಗೆ ಹೋಗೋ ಜಗಳ ನೋಡು, ಅಕ್ಕಿ ಗಿರಣಿ ಪಾಲುದಾರರದು, ದಲಾಲಿ ಅಂಗಡಿಯವರದು. ವ್ಯಾಪಾರ ತಿಳೀಲಾರದ ವಕೀಲ ಅವರ ಸುಳ್ಳು ಹ್ಯಾಂಗ ಹಿಡೀತಾನ?”

ಸೈನ್ಸ್ ಬಿಡುವುದೆಂದರೆ ಫೇಲಾದಂತೆ ಎಂದು ತಿಳಿದಿದ್ದ ನನ್ನಪ್ಪನನ್ನು ತುರ್ವಿಹಾಳದ ನಮ್ಮ ಮನೆಗೇ ಬಂದು ಒಪ್ಪಿಸಿದರು.

ನಮ್ಮ ಕಾಲೇಜಿನಲ್ಲಿ ಬಿಬಿಎ ಇರಲಿಲ್ಲ. ಲಿಂಗಸುಗೂರಿನ ಒಂದು ಕಾಲೇಜಿನಲ್ಲಿ ಒಂದು ಸೀಟು ಖಾಲಿ ಇತ್ತು. ನಮ್ಮ ಕಾಲೇಜಿನವರು ವರ್ಗಾವಣೆ ಪತ್ರವನ್ನು ನಾಳೆ ನಾಡಿದ್ದು ಎಂದು ಸತಾಯಿಸಿ, ಸೇರಲು ಕೊನೆಯ ದಿನ ಮಧ್ಯಾಹ್ನ ಕೊಟ್ಟರು. ಇನ್ನೊಂದು ದಿನ ಕೊಡಿ ಎಂದು ಸರ್ ಲಿಂಗಸುಗೂರಿಗೆ ಫೋನ್ ಮಾಡಿ ಕೇಳಿದರು. ನಿಯಮದಲ್ಲಿ ಅವಕಾಶವಿಲ್ಲ, ಇವತ್ತೇ ಸಂಜೆ ಐದರೊಳಗೆ ಬನ್ನಿ ಎಂದರಂತೆ. “ಹತ್ತಲೇ,” ಎಂದು ಬೈಕ್ ಚಾಲೂ ಮಾಡಿದರು.

ಮಸ್ಕಿ ದಾಟಿದ ಮೇಲೆ ಲಾರಿಯೊಂದು ಅಡ್ಡ ನಿಂತು ರಸ್ತೆ ಕಟ್ಟಿತ್ತು. ಸರ್ ಹಳ್ಳಿ ದಾರಿ ಹಿಡಿದರು. ಅಲ್ಲೊಂದು ಹಳ್ಳ. ನೆಲಮಟ್ಟದ ಸೇತುವೆಯ ಮೇಲೆ ಮೊಣಕಾಲಿಗೂ ಬಾರದಷ್ಟು ತಿಳಿ ನೀರು.

ಸರ್ ಮುದಗಲ್ ಕಡೆಯ ಒಣ ಬೇಸಾಯದ ಮನೆಯವರು. ಅಲ್ಲಿ ಆಕಾಶ ನೋಡಿ ಹಳ್ಳ ದಾಟುತ್ತಾರೆ. ನಾನು ಕಾಲುವೆಯ ಬದಿಯಲ್ಲಿ ಬೆಳೆದವನು. ಗದ್ದೆಗಳಿಗೆ ಬೇಡವಾದ ನೀರನ್ನು ಮೇಲಿನಿಂದ ಹಳ್ಳಕ್ಕೆ ಬಿಡುವುದು ನನಗೆ ಗೊತ್ತು. ಮಳೆ ನೀರು ಕೆಂಪಗೆ, ಕಸ ಹೊತ್ತು, ಸದ್ದು ಮಾಡುತ್ತ ಬರುತ್ತದೆ. ಕಾಲುವೆ ನೀರು ತಿಳಿಯಾಗಿ ಸುಮ್ಮನೆ ಏರುತ್ತದೆ.

“ಬ್ಯಾಡ್ರಿ ಸರ, ಇದು ಕಾಲುವಿ ನೀರು. ಹಿಂದ ಇನ್ನೂ ಬರತೈತಿ.”

ಅವರು ತಲೆಯೆತ್ತಿ ನೋಡಿದರು. “ಒಂದು ಮೋಡ ಇಲ್ಲ, ಎಲ್ಲಿಂದ ಬರತೈತಲೇ? ನೀ ಇಳಿ. ನಾ ದಾಟಿ ನೋಡ್ತೀನಿ, ಆಮ್ಯಾಲೆ ನೀ ನಡಕೋತ ಬಾ.”

ನಟ್ಟನಡುವೆ ಬೈಕ್ ಬಂದ್ ಬಿತ್ತು. ಅವರು ಕಿಕ್ಕರ್ ಒದೆಯುತ್ತಿದ್ದಂತೆಯೇ ನೀರು ತೊಡೆಗೆ ಬಂತು. ಬೈಕ್ ಜಾರಿತು. ಸೇತುವೆಯ ಅಂಚಿನ ಗೂಟಗಲ್ಲನ್ನು ತಬ್ಬಿಕೊಂಡರು. ನಾನು ಇಳಿಯುವುದನ್ನು ಕಂಡು, “ಬರಬ್ಯಾಡಲೇ, ಅಲ್ಲೇ ನಿಲ್ಲು!” ಎಂದು ತರಗತಿಯಲ್ಲಿ ಗದರುವ ದನಿಯಲ್ಲೇ ಕೂಗಿದರು. ಕುರಿ ಕಾಯುವವನೊಬ್ಬ ಓಡಿಬಂದು ಕಂಬಳಿ ಬೀಸಿದ. ಅದು ಅವರವರೆಗೆ ಮುಟ್ಟಲಿಲ್ಲ. ನೋಡುತ್ತಿದ್ದಂತೆ ಗೂಟಗಲ್ಲು ಮುಳುಗಿತು.

ಮರುದಿನ ಕೆಳಗೆ ಜಾಲಿಗಿಡಗಳಲ್ಲಿ ಸಿಕ್ಕರು.

ಈಗಲೂ ಊಟಕ್ಕೆ ಕೂತಾಗ, ಬಸ್ಸಿನಲ್ಲಿರುವಾಗ, ಅದೇ ಹಳ್ಳ ಎದುರಿಗೆ ಬರುತ್ತದೆ. ಪ್ರತಿ ಸಲ ನಾನು ಬೈಕಿನ ಕೀಲಿ ಕಿತ್ತುಕೊಂಡು ಓಡುತ್ತೇನೆ. ಪ್ರತಿ ಸಲ ಅವರು ನಗುತ್ತ ಬೈಯುತ್ತ ದಡದಲ್ಲೇ ಉಳಿಯುತ್ತಾರೆ.

ವಿಚಾರಣೆಗೆ ಬಂದ ಪೊಲೀಸಿನವನಿಗೆ ಕಂಡದ್ದೆಲ್ಲ ಹೇಳಿದೆ. “ಮೋಡ ಇಲ್ಲದೆ ನೀರು ಎಲ್ಲಿಂದ ಬರತೈತಿ ತಮ್ಮ?” ಅಂದ. ಸರ್ ಗೊತ್ತಿಲ್ಲದೆ ಕೇಳಿದ್ದರು. ಇವನು ಗೊತ್ತಿದ್ದೂ ಕೇಳಿದ. ಮೇಲೆ ಎಲ್ಲೋ ಸುರಿದ ಮಳೆಯಿಂದ ಬಂದ ಪ್ರವಾಹ ಎಂದು ವರದಿಯಾಯಿತು. ನೀರು ಬಿಟ್ಟವರು ಯಾರೆಂದು ಯಾರೂ ಕೇಳಲಿಲ್ಲ. ವರ್ಗಾವಣೆ ಪತ್ರಕ್ಕೆ ಅಷ್ಟು ದಿನ ಅಲೆದಾಡಿಸಿದವರೇ ಕಾಲೇಜಿನ ಸಂತಾಪ ಸಭೆಯಲ್ಲಿ ಮುಂದಿನ ಸಾಲಿನಲ್ಲಿ ನಿಂತು ಕಣ್ಣೊರೆಸಿಕೊಂಡರು.

ಹತ್ತು ದಿನ ಕಳೆದು ಲಿಂಗಸುಗೂರಿನಿಂದ ಫೋನ್ ಬಂತು. ವಿಶೇಷ ಪ್ರಕರಣವೆಂದು ಪರಿಗಣಿಸಿ ನನಗೆ ಸೀಟು ಕೊಡುತ್ತಾರಂತೆ. ಒಂದು ದಿನ ಹೆಚ್ಚಿಗೆ ಕೊಡಲು ಇಲ್ಲದ ನಿಯಮ ಈಗ ಎಲ್ಲಿಂದಲೋ ಬಂದಿತ್ತು. ಹೋದೆ. ಲಾ ಓದಲೇಬೇಕು, ಆ ಹಳ್ಳದ ನೀರಿನ ಬಗ್ಗೆ ಕೇಳುವ ಅಧಿಕಾರ ನನಗೆ ಬೇಕು.

ಗುಮಾಸ್ತ ಕಾಗದವನ್ನು ನನ್ನ ಕಡೆ ಸರಿಸಿ, “ಭಾಳ ಮಂದಿ ಕೇಳಾಕತ್ತಿದ್ರು ನೋಡು ಈ ಸೀಟು. ನಿನ್ನ ನಸೀಬ ಚಲೋ ಐತಿ,” ಅಂದ.

ನಾನು ಸಹಿ ಮಾಡಿದೆ.