ಬಾವಿಗೆ ಬಿಟ್ಟ ಒಂಬತ್ತು ವಹಿ

ಹಾರ್ಡ್ ಡಿಸ್ಕ್ ಸಾಯುವ ಮೊದಲು ಸದ್ದು ಮಾಡುತ್ತದೆ. ನನ್ನದು ಮೂರು ದಿನ ಟಕ್ ಟಕ್ ಎಂದಿತು, ನಾನು ಫ್ಯಾನಿನ ಸದ್ದು ಅಂದುಕೊಂಡೆ. ತೊಂಬತ್ತರ ದಶಕ ಮುಗಿಯುತ್ತಿದ್ದ ವರ್ಷಗಳು. ಸಾಂಗಲಿ ಕಡೆಯ ಗಡಿಯೂರು ಜತ್ತಿನ ಬಸ್ ಸ್ಟ್ಯಾಂಡ್ ಹತ್ತಿರ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ. ಲಗ್ನದ ಸೀಸನ್ ಬಂದರೆ ಒಂದು ಪತ್ರಿಕೆ ಮರಾಠಿಯಲ್ಲಿ, ಮುಂದಿನದು ಕನ್ನಡದಲ್ಲಿ, ಬೆಳಗಿನಿಂದ ಹೊಡೆದು ಹೊಡೆದು ಬೆನ್ನು ಹಿಡಿದಿರುತ್ತಿತ್ತು. ಫ್ಯಾನು ಒದರಿದರೆ ಒದರಲಿ ಎನ್ನುವಷ್ಟು ದಣಿವು. ನಾಲ್ಕನೆಯ ದಿನ ಪರದೆ ಕಪ್ಪಾಗಿ, ಇಂಗ್ಲಿಷಿನಲ್ಲಿ ಎರಡು ಸಾಲು ಮೂಡಿ ನಿಂತುಬಿಟ್ಟಿತು.

ಲಗ್ನಪತ್ರಿಕೆಗಳು ಹೋದದ್ದಕ್ಕೆ ನನಗೇನೂ ಅನ್ನಿಸಲಿಲ್ಲ. ಮದುವೆಯಾದವರಿಗೆ ಅವು ಬೇಕಿಲ್ಲ, ಆಗುವವರಿಗೆ ಹೊಸದು ಹೊಡೆದರಾಯಿತು. ಆದರೆ ಅದರೊಳಗೆ ಮಾಮಾನ ಪದಗಳಿದ್ದವು.

ಮಾಮಾ ಅಂದರೆ ನನ್ನ ತಾಯಿಯ ಅಣ್ಣ. ಹತ್ತಿರದ ಹಳ್ಳಿ ವಳಸಂಗದಲ್ಲಿ ಗಾದಿ ತುಂಬುವ ಕೆಲಸ ಮಾಡುತ್ತಿದ್ದರು. ವರ್ಷವಿಡೀ ಅರಳೆಯ ದೂಳಿನಲ್ಲಿ ಕೆಮ್ಮುವ ಮನುಷ್ಯ ಮೊಹರಂ ಬಂತೆಂದರೆ ಊರಿಗೇ ದೊಡ್ಡವರು, ಹುತಾತ್ಮರ ಕಥೆ ಹೇಳುವ ರಿವಾಯತ ಪದ ಹಾಡುವ ಮೇಳಕ್ಕೆ ಅವರೇ ಮುಂದು. ಮೇಳದಲ್ಲಿ ನಮ್ಮವರೂ ಇದ್ದರು, ಹಿಂದೂಗಳೂ ಇದ್ದರು. ಪದಗಳು ಅಚ್ಚ ಕನ್ನಡದವು. ತಮ್ಮ ಗುರುವಿನ ಬಾಯಿಂದ ಕೇಳಿ ಬರೆದುಕೊಂಡ ಒಂಬತ್ತು ವಹಿ ಮಾಮಾನ ಹತ್ತಿರ ಇದ್ದವು. ಕಣ್ಣಿಗೆ ಪೊರೆ ಬರತೊಡಗಿದಾಗ ಮೊದಲನೆಯದನ್ನು ಬಗಲಲ್ಲಿ ಹಿಡಿದು ಅಂಗಡಿಗೆ ಬಂದರು.

"ತಮ್ಮಾ, ಇವನ್ನ ದಪ್ಪ ಅಕ್ಷರದಾಗ ಒಂದು ಪುಸ್ತಕ ಮಾಡಿ ಕೊಡು. ನನ್ನ ಹಿಂದ ಹಾಡೋರು ಓದಬೇಕಲ್ಲ."

ಎರಡು ವರ್ಷ ಹಿಡಿಯಿತು. ಸಂಜೆ ಗಿರಾಕಿ ಕರಗಿದ ಮೇಲೆ ಅರ್ಧ ತಾಸು ಕೂಡುತ್ತಿದ್ದೆ. ಒಂದು ವಹಿ ಮುಗಿದರೆ ಪ್ರಿಂಟ್ ತೆಗೆದು ಕೊಡುವುದು, ಮಾಮಾ ಭೂತಗನ್ನಡಿ ಹಿಡಿದು ತಪ್ಪು ಗುರುತಿಸಿ ತರುವುದು. ತಿದ್ದಿ ಮುಗಿಸಿದಾಗ ಪ್ರತಿ ಸಲವೂ ಅದೇ ಮಾತು.

"ಮಷೀನಿನಾಗ ಎಲ್ಲಾ ಕುಂತಾವೇನು?"

"ಕುಂತಾವ್ರಿ, ಮಾಮಾ."

"ಹಂಗಾರ ವಹಿ ಥಂಡಾ ಮಾಡ್ಲಿ?"

"ಮಾಡ್ರಿ."

ಅಲ್ಲಾಹನ ಹೆಸರು, ಪೀರರ ಹೆಸರು ಇರುವ ಕಾಗದವನ್ನು ನಮ್ಮಲ್ಲಿ ರದ್ದಿಗೆ ಹಾಕುವುದಿಲ್ಲ. ಯಾರ ಕಾಲಿಗೂ ತಾಗದಂತೆ ನೀರಿಗೆ ಬಿಡುತ್ತೇವೆ. ಅದಕ್ಕೇ ಥಂಡಾ ಮಾಡುವುದು ಎನ್ನುವುದು. ಮಾಮಾನ ಮನೆಯಲ್ಲಿ ಇಲಿ ಕಾಟ. ಕಡಿದ ಹಾಳೆ ಹಾರಿ ಎಲ್ಲಿ ಕಾಲಡಿಗೆ ಬಂದೀತೋ ಎಂಬುದೇ ಅವರ ಹೆದರಿಕೆ. ಹೊಲದ ಬಾವಿಗೆ ಹೋಗಿ, ವಹಿಗೆ ಕಲ್ಲು ಕಟ್ಟಿ ಬಿಟ್ಟು ಬರುತ್ತಿದ್ದರು. ತಪ್ಪು ಗುರುತಿಸಿದ ಪ್ರಿಂಟುಗಳಿಗೂ ಅದೇ ಮರ್ಯಾದೆ. ಒಂಬತ್ತನೆಯದೂ ಹಾಗೆಯೇ ಹೋಯಿತು. ಇನ್ನು ಎಲ್ಲವನ್ನೂ ಪ್ರಿಂಟ್ ತೆಗೆದು ಪುಸ್ತಕ ಹೊಲಿಸುವುದೊಂದೇ ಬಾಕಿ.

ಒಂದು ಪ್ರತಿಯನ್ನು ಫ್ಲಾಪಿಗಳಲ್ಲಿ ಇಟ್ಟಿದ್ದೆ, ಸುಳ್ಳಲ್ಲ. ಪಂಚಾಯತಿ ಚುನಾವಣೆ ಬಂದಾಗ ಯಾರದೋ ಕರಪತ್ರವನ್ನು ಸಾಂಗಲಿಯ ಪ್ರೆಸ್ಸಿಗೆ ಒಯ್ಯಲು ಖಾಲಿ ಫ್ಲಾಪಿ ಸಿಗಲಿಲ್ಲ. ಇವನ್ನೇ ಅಳಿಸಿ ತುಂಬಿದೆ. ಆಮೇಲೆ ಇನ್ನೊಂದು ಪ್ರತಿ ಮಾಡಿದರಾಯಿತು ಅಂದುಕೊಂಡೆ. ಈ ಆಮೇಲೆ ಎಂಬುದರಲ್ಲೇ ನನ್ನ ಅರ್ಧ ಆಯುಷ್ಯ ಹೋಗಿದೆ.

ಡಿಸ್ಕನ್ನು ಟವೆಲಿನಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಸಾಂಗಲಿಗೆ ಒಯ್ದೆ. ರಸ್ತೆಯಲ್ಲಿ ಗುಂಡಿ ಬಂದಾಗಲೆಲ್ಲ ಎತ್ತಿ ಹಿಡಿಯುತ್ತಿದ್ದೆ. ರಿಪೇರಿಯವನು ಅದನ್ನು ಪುಣೆಗೆ ಕಳಿಸಿದ. ತಿಂಗಳ ನಂತರ ಹೋದರೆ, ಒಳಗಿನ ತಟ್ಟೆ ಗೀರಿಹೋಗಿದೆ, ಒಂದಕ್ಷರವೂ ಬರುವುದಿಲ್ಲ, ಮೋಡಕಾ ಅಂಗಡಿಗೆ, ಅಂದರೆ ಗುಜರಿಗೆ, ಹಾಕಿದರೆ ಕಬ್ಬಿಣದ ತೂಕಕ್ಕೆ ಹೋದೀತು ಎಂದು ಮರಾಠಿಯಲ್ಲಿ ಹೇಳಿದ. ಮೇಲೆ, ಇನ್ನೊಂದು ಪ್ರತಿ ಇಡಬೇಕಿತ್ತು ಎಂಬ ಉಪದೇಶ ಬೇರೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಅವನ ಕಪಾಳಕ್ಕೆ ಒಂದು ಬಿಡಬೇಕೆನ್ನಿಸಿತು. ಬಿಡಬೇಕಾದದ್ದು ನನ್ನ ಕಪಾಳಕ್ಕೆ.

ಎಂಟು ದಿನ ಮೀನ ಮೇಷ ಎಣಿಸಿ ವಳಸಂಗಕ್ಕೆ ಹೋದೆ. ಮಾಮಾ ಅಂಗಳದಲ್ಲಿ ಗಾದಿ ಹೊಲಿಯುತ್ತಿದ್ದರು. ನಿಂತುಕೊಂಡೇ ಎಲ್ಲ ಹೇಳಿದೆ.

"ಒಂಬತ್ತೂ?"

"ಒಂಬತ್ತೂ ರೀ."

ಸೂಜಿಯನ್ನು ಗಾದಿಗೆ ಚುಚ್ಚಿಟ್ಟರು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಕೇಳಿದ್ದು ಇಷ್ಟೇ: "ಎರಡು ವರ್ಷ ಕುಂತು ಬಡದೀಯಲ್ಲ, ನಿನ್ನ ಬಾಯಾಗ ಅರ್ಧರೆ ಅದಾವಿಲ್ಲೋ?"

ಒಂದು ಪದವೂ ಇರಲಿಲ್ಲ. ಕಣ್ಣು ಓದುತ್ತಿತ್ತು, ಬೆರಳು ಹೊಡೆಯುತ್ತಿತ್ತು, ಮನಸ್ಸು ಮನೆಗೆ ಹೋಗುವ ಹೊತ್ತನ್ನು ನೋಡುತ್ತಿತ್ತು. ಇದನ್ನು ಅವರಿಗೆ ಹೇಳುವುದು ಹೇಗೆ? ಅಷ್ಟು ನಾಚಿಕೆ ನನಗೆ ಹಿಂದೆಂದೂ ಆಗಿರಲಿಲ್ಲ. ತಲೆ ತಗ್ಗಿಸಿ, ಚೀಲದಿಂದ ಡಿಸ್ಕ್ ತೆಗೆದು ಅವರ ಮುಂದಿಟ್ಟೆ. ಎರಡೂ ಕೈಯಲ್ಲಿ ಎತ್ತಿಕೊಂಡರು.

"ಅಲ್ಲಾಹನ ಹೆಸರು, ಪೀರರ ಹೆಸರು ಇದರಾಗ ಇನ್ನೂ ಅದಾವೋ, ಹೋದುವೋ?"

"ಇದ್ದರೂ ಇದ್ದಾವ್ರಿ. ಓದಾಕ ಬರೂದಿಲ್ಲ, ಅಷ್ಟ."

"ಹಂಗಾರ ಮೋಡಕಾಕ್ಕ ಹಾಕಬ್ಯಾಡ. ನಡಿ."

ಬಾವಿಯ ದಂಡೆಯಲ್ಲಿ ಟೋಪಿ ಸರಿಮಾಡಿಕೊಂಡು, ಡಿಸ್ಕನ್ನು ನನ್ನ ಕೈಗೇ ಕೊಟ್ಟರು. "ವಹಿ ತೇಲತಾವ, ಕಲ್ಲು ಬೇಕು. ಇದಕ್ಕ ಬ್ಯಾಡ, ಬಿಡು," ಎಂದರು. ಬಿಟ್ಟೆ. ನೇರವಾಗಿ ಮುಳುಗಿತು.

ಆ ವರ್ಷ ಮೊಹರಂ ಬೇಸಿಗೆಯಲ್ಲಿ ಬಂದಿತ್ತು. ಮಾಮಾ ನೆನಪಿನಿಂದಲೇ ಹಾಡಿದರು. ಒಂದು ಪದದ ನಡುವೆ ಸಾಲು ತಪ್ಪಿತು. ಅವರಿಗೆ ನೆನಪಾಗಲೆಂದು ಮೇಳದವರು ಪಲ್ಲವಿಯನ್ನು ಎರಡು ಸಲ, ಮೂರು ಸಲ ತಿರುಗಿಸಿ ಹಾಡಿದರು. ಮಾಮಾ ಪೊರೆಗಣ್ಣಿನಲ್ಲಿ ಜನರ ನಡುವೆ ನನ್ನನ್ನು ಹುಡುಕಿದರು. ಆ ಸಾಲನ್ನು ನಾನು ಒಮ್ಮೆ ಟೈಪ್ ಮಾಡಿದ್ದೆ, ಆಮೇಲೆ ತಿದ್ದಿಯೂ ಇದ್ದೆ. ನನ್ನ ಬಾಯಿಗೆ ಬರಲಿಲ್ಲ. ಮೇಳದವರು ಮತ್ತೆ ಪಲ್ಲವಿ ಎತ್ತಿಕೊಂಡರು.