ದೊಡ್ಡಮ್ಮನ ತಂತಿಯ ಮೇಲೆ ಗಂಡಸರ ಪೈಜಾಮಾ

ಬೆಳಗಿನ ಜಾವ. ಆಸ್ಪತ್ರೆಯ ಹಿಂಬದಿಯ ಲಾಂಡ್ರಿಯಲ್ಲಿ ಲಿನೆಟ್ ಕ್ರಾಬ್‌ಟ್ರೀ ಮೊಣಕೈವರೆಗಿನ ಗ್ಲೌಸು ಏರಿಸಿಕೊಂಡು ವಾರ್ಡುಗಳಿಂದ ಬಂದ ಚೀಲಗಳನ್ನು ಬೆಲ್ಟಿನ ಮೇಲೆ ಸುರಿಯುತ್ತಿದ್ದಾರೆ. ರಾತ್ರಿಯಿಡೀ ಯಾರೋ ನರಳಿದ, ಯಾರೋ ಹೆತ್ತ, ಯಾರೋ ಸತ್ತ ಹಾಸುಗಳು. ಹೊದಿಕೆ ಒಂದು ಕಡೆಗೆ, ದಿಂಬಿನ ಚೀಲ ಇನ್ನೊಂದು ಕಡೆಗೆ, ಹರಿದದ್ದು ಬುಟ್ಟಿಗೆ. ಒಂದು ಮಡಿಕೆಯೊಳಗಿಂದ ಕಟ್ಟಿಸಿದ ಹಲ್ಲಿನ ಸೆಟ್ಟು ಉರುಳಿ ಬೀಳುತ್ತದೆ. ಅದನ್ನೆತ್ತಿ ಡಬ್ಬಿಯೊಳಗಿಡುತ್ತಾರೆ.

"ಇವತ್ತು ಯಾವನೋ ಬರೀ ಗಂಜಿ ಕುಡೀಬೇಕು, ಪಾಪ," ಎನ್ನುತ್ತಾರೆ. ಪಕ್ಕದಲ್ಲಿರುವ ಹೆಂಗಸು, "ಆಸ್ಪತ್ರೇಲಿ ಬೇರೇನ್ ಕೊಡ್ತಾರೆ ಬಿಡು," ಎನ್ನುತ್ತಾಳೆ. ಇಬ್ಬರೂ ನಗುತ್ತಾರೆ. ಕೈ ಮಾತ್ರ ನಿಲ್ಲುವುದಿಲ್ಲ.

ಲ್ಯಾಂಕಾಷೈರಿನ ನಮ್ಮ ಊರಿನಲ್ಲಿ ಹತ್ತಿ ಗಿರಣಿಗಳು ಮುಚ್ಚಿದ ಮೇಲೆ ಹೆಂಗಸರಿಗೆ ಉಳಿದದ್ದು ಇಂಥ ಕೆಲಸಗಳೇ. ಡಾಕ್ಟರಿಗೆ ಹೂಗುಚ್ಛ ಬರುತ್ತದೆ, ನರ್ಸಿಗೆ ಚಾಕಲೇಟು ಬರುತ್ತದೆ. ಲಾಂಡ್ರಿಗೆ ಬರುವುದು ಮುಂದಿನ ಗಾಡಿ. ಲಿನೆಟ್ ಇಲ್ಲಿಗೆ ಬಂದು ಇಪ್ಪತ್ತು ವರ್ಷದ ಮೇಲಾಯಿತು. ಮಂಡಿ ಹೋಗಿದೆ, ಚಳಿಗಾಲದಲ್ಲಿ ಬೆರಳು ಸೆಟೆದುಕೊಳ್ಳುತ್ತದೆ. ಮದುವೆ ನಿಲ್ಲಲಿಲ್ಲ, ಮಕ್ಕಳಾಗಲಿಲ್ಲ. ಇರುವವಳು ಒಬ್ಬಳೇ: ತಾಯಿ ತೀರಿಕೊಂಡ ಮೇಲೆ ಸಾಕಿ ಬೆಳೆಸಿದ ದೊಡ್ಡಮ್ಮ, ಈನಿಡ್. ವಯಸ್ಸು ಎಂಬತ್ತು ದಾಟಿದೆ. ನಾನು ಈ ಲೇಖನಕ್ಕೆ ಲಾಂಡ್ರಿಯ ಕಷ್ಟ ಕೇಳಲು ಹೋದವನು. ಅವರು ಕೈ ತೊಳೆದು ಬಂದು ಕೂತು, "ಬರೆಯೋದಾದ್ರೆ ದೊಡ್ಡಮ್ಮನ ವಿಷ್ಯಾನೂ ಬರಿ. ನನ್ನನ್ನ ಬರೀ ಒಳ್ಳೆಯವಳು ಅಂತ ಬರೀಬೇಡ," ಎಂದರು.

ಈನಿಡ್ ಇರುವುದು ಗಿರಣಿ ಕಾಲದ ಸಾಲುಮನೆಯೊಂದರಲ್ಲಿ, ಬಾಡಿಗೆಗೆ. ಪಿಂಚಣಿ ಸಾಲದು, ಆದ್ದರಿಂದ ಬಾಡಿಗೆಯ ಹೆಚ್ಚಿನ ಪಾಲನ್ನು ಊರಾಡಳಿತದ ಕೌನ್ಸಿಲ್ ಕಟ್ಟುತ್ತದೆ, ಒಂಟಿ ಮುದುಕಿ ಎಂಬ ಲೆಕ್ಕದಲ್ಲಿ; ಮನೆಯಲ್ಲಿ ಇನ್ನೊಬ್ಬರಿದ್ದರೆ ಆ ಲೆಕ್ಕ ತಪ್ಪುತ್ತದೆ. ಮನೆಗಳ ಹಿಂದೆ ಓಣಿ, ಓಣಿಗೆ ಅಡ್ಡಲಾಗಿ ಬಟ್ಟೆ ಒಣಗಿಸುವ ತಂತಿಗಳು. ಸೋಮವಾರ ಒಗೆಯುವ ದಿನ. ತಂತಿಗೆ ಹಾಕುವುದಕ್ಕೂ ಒಂದು ಮರ್ಯಾದೆ ಇದೆ: ಹಾಸು ಹೊದಿಕೆ ಹೊರಗಡೆ, ಒಳಬಟ್ಟೆ ಅವುಗಳ ಮರೆಯಲ್ಲಿ, ಗಂಡಸರ ಬಟ್ಟೆ ಎಲ್ಲಕ್ಕಿಂತ ಮುಂದೆ. ಮನೆಯೊಳಗೆ ಒಣಗಿಸುವವಳು ಓಣಿಯ ಕಣ್ಣಿಗೆ ಕೈಚೆಲ್ಲಿದ ಹೆಂಗಸು. ಯಾರ ಮನೆಯಲ್ಲಿ ಬಾಣಂತಿ, ಯಾರ ಗಂಡ ಕೆಲಸ ಬಿಟ್ಟ, ಎಲ್ಲವನ್ನೂ ಓಣಿ ತಂತಿ ನೋಡಿಯೇ ತಿಳಿಯುತ್ತದೆ.

ಎರಡು ಮನೆಯಾಚೆ ಕ್ಲಿಫರ್ಡ್ ನಟಲ್ ಇದ್ದರು. ಹೆಂಡತಿ ಇಲ್ಲ. ಬಸ್ಸು ಡಿಪೋದಲ್ಲಿ ಇನ್ಸ್‌ಪೆಕ್ಟರ್ ಆಗಿದ್ದವರು, ನಿವೃತ್ತಿಯಾದ ಮೇಲೂ ಟೈ ಕಟ್ಟದೆ ಹಾಲಿನ ಬಾಟಲಿ ಎತ್ತಿಕೊಳ್ಳಲು ಕೂಡ ಹೊರಗೆ ಬರದವರು. ಸಂಜೆ ಈನಿಡ್ ಮನೆಗೆ ಬಂದು ಪತ್ರಿಕೆಯ ಪದಬಂಧ ಬಿಡಿಸಿ ಹೋಗುತ್ತಿದ್ದರು. ಮೂವತ್ತು ವರ್ಷದ ನೆರೆ. ಆಕೆ ಒಂದು ದಿನವೂ ಅವರನ್ನು ಕ್ಲಿಫರ್ಡ್ ಎಂದು ಕರೆದವಳಲ್ಲ. "ನಟಲ್ ಅವರೇ, ಬಿಸ್ಕತ್ತು ತಗೊಳಿ." ಅಷ್ಟೇ.

ಜನವರಿಯಲ್ಲಿ ಕೌನ್ಸಿಲಿನಿಂದ ಕಾಗದ ಬಂತು. ನಿಮ್ಮೊಂದಿಗೆ ಗಂಡಸೊಬ್ಬರು ವಾಸವಾಗಿದ್ದಾರೆಂದು ಮಾಹಿತಿ ಬಂದಿದೆ, ವಿಚಾರಣೆಗೆ ಬನ್ನಿ, ಅಲ್ಲಿಯವರೆಗೆ ನೆರವು ತಡೆಹಿಡಿಯಲಾಗಿದೆ. ಮಾಹಿತಿ ಕೊಟ್ಟವರಿಗೆ ಹೆಸರಿಲ್ಲ, ಮುಖವಿಲ್ಲ. ಮುದುಕಿಗೆ ಮಾತ್ರ ಹೆಸರು, ವಿಳಾಸ, ಹುಟ್ಟಿದ ದಿನಾಂಕ ಎಲ್ಲ ಇರಬೇಕು. ಯಾವ ಪರದೆಯ ಹಿಂದೆ ನಿಂತು ಯಾವ ನಾಲಿಗೆ ಈ ಕೆಲಸ ಮಾಡಿತೋ, ಅದರ ಮನೆಯ ತಂತಿಯ ಬಟ್ಟೆಯನ್ನೂ ಒಂದು ದಿನ ಯಾರಾದರೂ ಎಣಿಸಲಿ.

ಲಿನೆಟ್ ರಜೆ ಹಾಕಿ ಜೊತೆಗೆ ಹೋದರು. ಕಿಟಕಿಯಿಲ್ಲದ ಕೋಣೆ, ಮಾತು ಹಿಡಿಯುವ ಯಂತ್ರ. ತನಿಖೆಯವನ ಹೆಸರು ಫೇರ್‌ಲಿ, ಮೀಸೆ ಇನ್ನೂ ಸರಿಯಾಗಿ ಬಾರದ ಹುಡುಗ. ನೀವು ಹೇಳಿದ್ದನ್ನು ನ್ಯಾಯಾಲಯದಲ್ಲಿ ಬಳಸಬಹುದು ಎಂದು ಕಳ್ಳರಿಗೆ ಓದುವ ಎಚ್ಚರಿಕೆಯನ್ನು ಅವಳಿಗೂ ಓದಿದ. ಈನಿಡ್ ಚರ್ಚಿಗೆ ಹಾಕುವ ಟೊಪ್ಪಿ ಹಾಕಿಕೊಂಡು ಬಂದಿದ್ದಳು. ಅವನು ಮೇಜಿನ ಮೇಲೆ ಒಂದು ಫೋಟೋ ಇಟ್ಟ. ಅವಳ ತಂತಿ. ಅದರ ಮೇಲೆ ಪಟ್ಟೆಪಟ್ಟೆ ಪೈಜಾಮಾ.

"ಇದು ಯಾರದು ಮೇಡಂ?"

"ನಂದೇ."

"ಇದು ಗಂಡಸರದು."

"ಚಳಿಗೇನಪ್ಪಾ ಗಂಡು ಹೆಣ್ಣು?"

"ವಾರಕ್ಕೆ ಇಷ್ಟೊಂದು ಹಾಸು ಒಬ್ರಿಗೇ ಬೇಕಾ? ಕ್ಲಿಫರ್ಡ್ ನಟಲ್ ಅನ್ನೋರು ದಿನಾ ಸಂಜೆ ನಿಮ್ಮನೇಲಿರ್ತಾರೆ."

"ಪದಬಂಧ ಬಿಡಿಸ್ತಾರೆ."

"ಆಮೇಲೆ?"

ಎಂಬತ್ತು ದಾಟಿದವಳನ್ನು ಕೇಳುವ ಪ್ರಶ್ನೆಯೇ ಇದು? ಈನಿಡ್ ಕುತ್ತಿಗೆಯವರೆಗೆ ಕೆಂಪಾದಳು. "ಆಮೇಲೆ ಅವರ ಮನೆಗೆ ಅವರು ಹೋಗ್ತಾರೆ," ಎಂದಳು. ಪೈಜಾಮಾ ಯಾರದೆಂದು ಮಾತ್ರ ಕೊನೆಯವರೆಗೂ ಹೇಳಲಿಲ್ಲ.

"ನಾನೂ ಒಂದು ಗಳಿಗೆ ಅದನ್ನೇ ಅಂದ್ಕೊಂಡೆ," ಎನ್ನುತ್ತಾರೆ ಲಿನೆಟ್, ನೆಲ ನೋಡುತ್ತ. "ಸಾಕಿದೋಳ ಬಗ್ಗೆ. ವಾಪಸ್ ಬರೋ ಬಸ್ಸಲ್ಲಿ, ಪಕ್ಕದಲ್ಲೇ ಕೂತ್ಕೊಂಡು."

ನಿಜ ಗೊತ್ತಾದದ್ದು ಆ ವಾರವೇ. ದೊಡ್ಡಮ್ಮನ ಅಡುಗೆಮನೆಯ ತೊಟ್ಟಿಯಲ್ಲಿ ಹಾಸೊಂದು ಒಗೆಯುವ ಸೋಡಾದಲ್ಲಿ ನೆನೆಯುತ್ತಿತ್ತು. ದಿನವಿಡೀ ಅಂಥವನ್ನೇ ಮುಟ್ಟುವ ಲಿನೆಟ್‌ಗೆ ಮೂತ್ರದ ವಾಸನೆ ಕೂಡಲೇ ಗೊತ್ತಾಯಿತು. ಮಹಡಿ ಹತ್ತಿ ದೊಡ್ಡಮ್ಮನ ಹಾಸಿಗೆ ಮುಟ್ಟಿ ನೋಡಿದರು. ಒಣಗಿತ್ತು.

"ನಟಲ್ ಅವರದಾ?"

"ಬಾಯಿ ಮುಚ್ಚು."

"ದೊಡ್ಡಮ್ಮ, ಅವರಿಗೆ ರಾತ್ರಿ..."

"ಬಾಯಿ ಮುಚ್ಚು ಅಂದೆ. ಅವರ ಮಗಳಿಗೆ ಒಂದು ಮಾತು ಸಿಕ್ಕಿದ್ರೂ ಸಾಕು, ವೃದ್ಧಾಶ್ರಮಕ್ಕೆ ಹಾಕ್ತಾಳೆ. ಕಾಯ್ಕೊಂಡು ಕೂತಿದ್ದಾಳೆ. ನನ್ ಮೇಲೆ ಆಣೆ ಇಡು."

ಈನಿಡ್ ಮತ್ತು ನಟಲ್ ನಡುವೆಯೂ ಇದರ ಮಾತೇ ಇರಲಿಲ್ಲವಂತೆ. ಭಾನುವಾರ ಸಂಜೆ ಅವರು ಈನಿಡ್‌ಳ ಹಿತ್ತಿಲ ಬಾಗಿಲಲ್ಲಿ ಗಂಟೊಂದನ್ನು ಇಟ್ಟುಹೋಗುವರು. ಮಂಗಳವಾರ ಇಸ್ತ್ರಿಯಾದದ್ದನ್ನು ಈಕೆ ಅವರ ಬಾಗಿಲಲ್ಲಿ ಇಟ್ಟುಬರುವಳು. ಸಂಜೆ ಪದಬಂಧಕ್ಕೆ ಕೂತರೆ ಹವಾಮಾನದ ಮಾತು. ಅವರ ತಂತಿಯ ಮೇಲೆ ಅಷ್ಟು ಹಾಸು ಕಂಡರೆ ಓಣಿ ತಿಳಿದುಕೊಳ್ಳುತ್ತದೆಂದು ತನ್ನ ತಂತಿಯ ಮೇಲೆ ಹಾಕಿಕೊಂಡಳು. ಒಳಗೆ ಒಣಗಿಸಿದ್ದರೆ ಮುಗಿದೇಹೋಗುತ್ತಿತ್ತು. ಕೈಚೆಲ್ಲಿದವಳು ಎನಿಸಿಕೊಳ್ಳುವುದು ಅವಳ ಕೈಲಾಗಲಿಲ್ಲ. ಗಂಡಸರ ಬಟ್ಟೆ ಮುಂದೆ ಎಂಬ ಅಭ್ಯಾಸದಲ್ಲಿ ಪೈಜಾಮಾವನ್ನೂ ಎಲ್ಲಕ್ಕಿಂತ ಮುಂದೆಯೇ ನೇತುಹಾಕಿದಳು.

ಲಿನೆಟ್ ಆಣೆ ಇಟ್ಟರು. ಫೆಬ್ರವರಿ ಕಳೆಯಿತು. ಬಾಡಿಗೆ ನಿಂತಿತು, ಮನೆ ಖಾಲಿ ಮಾಡಿಸುವ ನೋಟೀಸು ಬಂತು. ಲಿನೆಟ್ ತಮ್ಮ ಸಂಬಳದಿಂದ ಕೊಡಹೋದರೆ ದೊಡ್ಡಮ್ಮ ಬಾಗಿಲು ಹಾಕಿದಳು. ಹೀಟರು ಹಚ್ಚುವುದನ್ನು ಬಿಟ್ಟಳು. ಒಂದು ಮಧ್ಯಾಹ್ನ ಹೋಗಿ ನೋಡಿದರೆ ಕೋಟು ಹಾಕಿಕೊಂಡೇ ಹಾಸಿಗೆಯಲ್ಲಿ ಮಲಗಿದ್ದಾಳೆ, ತುಟಿ ನೀಲಿ. "ಚಳಿ ಏನಿಲ್ಲ ಕಣೇ, ಸೋಮಾರಿತನ," ಎಂದಳು. ಲಿನೆಟ್ ಅಲ್ಲಿಂದ ನೇರ ಕೌನ್ಸಿಲ್ ಕಚೇರಿಗೆ ನಡೆದರು. ಫೇರ್‌ಲಿಯನ್ನು ಹಜಾರದಲ್ಲೇ ನಿಲ್ಲಿಸಿ, ಗೋಡೆಯ ಕಡೆ ತಿರುಗಿ, ಹೇಳಿಬಿಟ್ಟರು.

"ಹಾಗಾದ್ರೆ ನಾನು ಅವರನ್ನ ಕೇಳಿ ಖಾತ್ರಿ ಮಾಡ್ಕೋಬೇಕು."

"ಬೇಡ. ನಾನೇ ಹೇಳಿದ್ನಲ್ಲ."

"ನೀವು ಸಂಬಂಧಿಕರು, ಮೇಡಂ. ನಿಮ್ಮ ಮಾತು ಸಾಲೋದಿಲ್ಲ."

ಅವನು ಬಂದದ್ದು ಸೋಮವಾರವೇ. ಓಣಿಯ ತುಂಬ ಬಟ್ಟೆ, ಬಟ್ಟೆಯ ನಡುವೆ ಹೆಂಗಸರು. ನಟಲ್ ಹಿತ್ತಿಲ ಬಾಗಿಲು ತೆರೆದರು, ಟೈ ಕಟ್ಟಿತ್ತು. ಹುಡುಗ ಮೆಲ್ಲಗೆ ಕೇಳಿದನೆಂದೇ ಎಲ್ಲರೂ ಹೇಳುತ್ತಾರೆ. ಆದರೆ ನಟಲ್‌ಗೆ ಕಿವಿ ಮಂದ.

"ಜೋರಾಗಿ ಹೇಳಪ್ಪ."

ಅವನು ಜೋರಾಗಿ ಕೇಳಿದ. ಇನ್ನೊಂದು ಸಲ ಇನ್ನೂ ಜೋರಾಗಿ. ಓಣಿಯಲ್ಲಿ ಒಂದು ಕೈಯೂ ಅಲ್ಲಾಡಲಿಲ್ಲ. ಊರಿನ ಬಸ್ಸುಗಳನ್ನೆಲ್ಲ ಸೀಟಿ ಊದಿ ನಿಲ್ಲಿಸುತ್ತಿದ್ದ ಮನುಷ್ಯ ಬಾಗಿಲ ಚೌಕಟ್ಟು ಹಿಡಿದುಕೊಂಡು, "ಹೌದು ಸರ್. ಅವು ನನ್ನವು," ಎಂದ. ಮೊಮ್ಮಗನ ವಯಸ್ಸಿನವನಿಗೆ ಸರ್ ಎಂದ. ಈನಿಡ್ ತನ್ನ ತಂತಿಯ ಹತ್ತಿರ ನಿಂತಿದ್ದಳು. ತಿರುಗಿ ನೋಡಲಿಲ್ಲ.

ಅವಳ ನೆರವು ಮರಳಿ ಬಂತು. ಜೊತೆಗೆ ಬಂದ ಕಾಗದದಲ್ಲಿ ಕ್ಷಮಿಸಿ ಎಂಬ ಪದ ಇರಲಿಲ್ಲ. ತನಿಖೆ ಮುಕ್ತಾಯಗೊಂಡಿದೆ ಎಂದಿತ್ತು. ಏನು ಮುಕ್ತಾಯಗೊಂಡಿತು ಎಂದು ಕೇಳುವವರು ಯಾರು? ಓಣಿಯ ಮಾತು ಮಗಳ ಕಿವಿ ಮುಟ್ಟಲು ವಾರ ಹಿಡಿಯಲಿಲ್ಲ. ಏಪ್ರಿಲಿನಲ್ಲಿ ನಟಲ್ ಅವರನ್ನು ಸಮುದ್ರದ ಕಡೆಯ ವೃದ್ಧಾಶ್ರಮಕ್ಕೆ ಕರೆದೊಯ್ದರು. ಈನಿಡ್ ಗುರುವಾರ ಎರಡು ಬಸ್ಸು ಬದಲಿಸಿ ನೋಡಿಬರುತ್ತಾಳೆ. ಜೊತೆಗೆ ಬರಲೇ ಎಂದು ಲಿನೆಟ್ ಒಮ್ಮೆ ಕೇಳಿದ್ದಾರೆ. "ನಿಂಗೆ ಕೆಲಸ ಇರುತ್ತಲ್ಲ," ಎಂದಳಂತೆ.

ಅವಳನ್ನು ಮನೆಯಲ್ಲಿ ಉಳಿಸಿದ್ದು ನೀವೇ ಅಲ್ಲವೇ ಎಂದು ನಾನು ಲಿನೆಟ್‌ರನ್ನು ಕೇಳಿದೆ.

"ಉಳಿಸ್ದೆ. ಇನ್ನೊಂದ್ ಸಲ ಹಂಗೇ ಆದ್ರೆ ಮತ್ತೆ ಹೇಳ್ತೀನಿ, ಅದೇ ನಾಚಿಕೆ. ಹೇಳದಿದ್ರೆ ಅವಳು ಸತ್ತುಹೋಗೋಳು." ಗ್ಲೌಸು ಮತ್ತೆ ಕೈಗೇರಿಸುತ್ತಾರೆ. ಬಾಗಿಲಲ್ಲಿ ಮುಂದಿನ ಗಾಡಿ ಬಂದು ನಿಂತಿದೆ. "ಶನಿವಾರ ಶನಿವಾರ ಹೋಗ್ತೀನಿ. ಬಾಗಿಲು ತೆಗೀತಾಳೆ. ಬಂದಿದ್ದಕ್ಕೆ ಥ್ಯಾಂಕ್ಸ್ ಅಂತಾಳೆ. ನೆಂಟರಿಗೆ ಅಂತ ಇಟ್ಟಿರೋ ಚಿನ್ನದ ಅಂಚಿನ ಕಪ್ಪಿದೆಯಲ್ಲ, ಅದ್ರಲ್ಲಿ ನಂಗೆ ಟೀ ಕೊಡ್ತಾಳೆ. ಒಂದೇ ಒಂದು ಸಲ ಬಾಯ್ತುಂಬ ಬೈದುಬಿಟ್ರೆ ಸಾಕು ನಂಗೆ."